ಗಿಡದ ಗುರುತು: ಎಣ್ಣೆಗೆ ಹಾಕಿದ್ದು ಗರುಗ ಹೌದಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೊದಲಿನಿಂದಲೂ ಗರುಗದ ಸೊಪ್ಪು ಹಾಕಿ ಕೊಬ್ಬರಿ ಎಣ್ಣೆ ಕಾಯಿಸುತ್ತೇವೆ. ಸೊಪ್ಪು ತೆಂಗಿನ ತೋಟದಲ್ಲೇ ಸಿಗುತ್ತೆ. ನೆಲದ ಮೇಲೆ ಹರಡಿಕೊಂಡಿರುತ್ತೆ. ಉದ್ದ ಕಡ್ಡಿಯ ತುದಿಗೆ ಒಂದೊಂದೇ ಹೂ, ನಡುವೆ ಹಳದಿ, ಸುತ್ತ ಬಿಳಿ. ಈಚೆಗೆ ಬಂದ ನೆಂಟರೊಬ್ಬರು ‘ಇದು ಗರುಗ ಅಲ್ಲವೇ ಅಲ್ಲ’ ಅಂದುಬಿಟ್ಟರು. ಅತ್ತೆಗೆ ಬೇಜಾರಾಗಿದೆ. ಗಿಡ ಒಣಗಿಸಿ ಕಳಿಸಿದ್ದೇನೆ. ಯಾರು ಸರಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಕಡ್ಡಿ ಮುರಿದ ಹಾಗೆ ಹೇಳಬೇಕೆಂದರೆ, ನೆಂಟರು ಸರಿ. ಅತ್ತೆಯವರಿಗೆ ಊಟ ಆದ ಮೇಲೆ, ನಿಧಾನವಾಗಿ ಹೇಳಿ.

ಮೊದಲು ನಿಮ್ಮ ಬೆನ್ನು ತಟ್ಟಬೇಕು. ಬೇರು, ಎಲೆ, ಮೊಗ್ಗು, ಅರಳಿದ ಹೂ, ಬಲಿತ ಬೀಜ, ಎಲ್ಲ ಇರುವ ಗಿಡವನ್ನು ಪೇಪರಿನ ನಡುವೆ ಒತ್ತಿ ಕಳಿಸಿದ್ದೀರಿ. ನನಗೆ ಬರುವ ಪತ್ರಗಳಲ್ಲಿ ಜಾಸ್ತಿ ಇರುವುದು ಮೇಲಿನಿಂದ ತೆಗೆದ ಹೂವಿನ ಫೋಟೊ. ಅದೂ ಮಬ್ಬು ಮಬ್ಬು, ಪಕ್ಕದಲ್ಲಿ ಅರ್ಧ ಚಪ್ಪಲಿ. ನಿಮ್ಮ ಗಿಡವನ್ನು ಮೇಜಿನ ಮೇಲೆ ಹರಡಿದರೆ ಸಾಕಿತ್ತು, ಯಾರು ಅಂತ ಅದೇ ಹೇಳಿತು. ಇದು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ಕನ್ನಡದಲ್ಲಿ ಗಬ್ಬು ಶಾವಂತಿಗೆ ಅಂತ ಕರೆಯುವವರಿದ್ದಾರೆ. ಎಷ್ಟೋ ಊರುಗಳಲ್ಲಿ ಇದಕ್ಕೆ ಹೆಸರೇ ಇಲ್ಲ. ಸುಮ್ನೆ ‘ಕಳೆ’ ಅಷ್ಟೆ.

ಈಗ ಹೇಗೆ ಗೊತ್ತಾಯಿತು ಅನ್ನುವುದಕ್ಕೆ ಬರೋಣ. ಮುಂದಿನ ಸಲ ನೀವೇ ನೋಡಿ ಹೇಳುವಂತಾಗಬೇಕಲ್ಲ.

ಕಾಂಡದಿಂದ ಶುರು ಮಾಡಿ. ಅದು ನೆಲದ ಮೇಲೆ ಮಲಗಿ ಹರಿಯುತ್ತೆ, ಗೆಣ್ಣುಗಳಲ್ಲಿ ಬೇರು ಬಿಡುತ್ತೆ, ತುದಿ ಮಾತ್ರ ತಲೆ ಎತ್ತುತ್ತೆ. ಮೈತುಂಬ ಒರಟು ರೋಮ. ಎಲೆಗಳು ಎದುರುಬದುರು. ಒಂದೊಂದೂ 3ರಿಂದ 7 ಸೆಂಟಿಮೀಟರ್ ಉದ್ದ, ಚಿಕ್ಕ ತೊಟ್ಟು. ಅಂಚು ಹೇಗೆ ಹೇಗೋ ಕತ್ತರಿಸಿದಂತಿದೆ. ಒಂದು ಹಲ್ಲು ದೊಡ್ಡದು, ಪಕ್ಕದ್ದು ಚಿಕ್ಕದು. ಕೆಲವು ಎಲೆಗಳಲ್ಲಿ ಬುಡದ ಹತ್ತಿರ ಎರಡು ಪಕ್ಕಕ್ಕೂ ಒಂದೊಂದು ಸೀಳು. ಹೂವಿನ ಕಡ್ಡಿಯಂತೂ ಎಲೆಗಳಿಗಿಂತ ತುಂಬ ಎತ್ತರಕ್ಕೆ ಹೋಗುತ್ತೆ, 10ರಿಂದ 30 ಸೆಂಟಿಮೀಟರ್ ತನಕ. ಕಡ್ಡಿಯಲ್ಲಿ ಎಲೆ ಇಲ್ಲ, ತುದಿಯಲ್ಲಿ ಒಂದೇ ಹೂ. ಹಳ್ಳಿಯ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಕಡ್ಡಿ ಕಿತ್ತು ಹೆಬ್ಬೆರಳಿನಿಂದ ಹೂವಿನ ತಲೆ ಹಾರಿಸುವ ಆಟ ಆಡಿರುತ್ತಾರೆ.

ಇಷ್ಟರಲ್ಲೇ ಗುರುತು ಸಿಕ್ಕಿಬಿಟ್ಟಿತು ಅನ್ನಿ. ಆದರೂ ಒಂದು ಹೂವನ್ನು ಬಿಚ್ಚಿ ನೋಡದೆ ಬಿಡಬೇಡಿ. ಬೆಳಿಗ್ಗೆ ಒಂಬತ್ತು ಹತ್ತು ಗಂಟೆಗೆ ಅರಳಿದ ಹೂ ಒಂದನ್ನು ತನ್ನಿ. ಬಿಳಿ ಕಾಗದದ ಮೇಲಿಟ್ಟು ಸೂಜಿಯಲ್ಲಿ ಬಿಡಿಸಿ. ಫ್ಯಾನ್ ಆರಿಸಿರಿ, ಇಲ್ಲದಿದ್ದರೆ ಎಲ್ಲ ಹಾರಿಹೋಗುತ್ತೆ. ಹೊರಗೆ ರೋಮ ತುಂಬಿದ ಹಸಿರು ತೊಟ್ಟೆಲೆಗಳ ಗುಂಪು. ಅದರ ಒಳಗೆ ಸುತ್ತ ಐದು ಬಿಳಿ ‘ದಳ’. ಕೆಲವೊಮ್ಮೆ ಮೂರು, ನಾಲ್ಕು, ಆರೂ ಇರಬಹುದು. ಬಣ್ಣ ಅಚ್ಚ ಬಿಳಿ ಅಲ್ಲ, ಸ್ವಲ್ಪ ಕೆನೆ. ತುದಿಯಲ್ಲಿ ಮೂರು ಹಲ್ಲು. ಒಂದನ್ನು ಬುಡದವರೆಗೂ ಎಳೆಯಿರಿ. ಬುಡದಲ್ಲಿ ಪುಟ್ಟ ಅಂಡಾಶಯ, ಅದರ ಮೇಲೆ ತುದಿ ಇಬ್ಭಾಗವಾದ ಶಲಾಕೆ, ಅಂದರೆ ಹೆಣ್ಣು ಭಾಗದ ಸಣ್ಣ ಕಡ್ಡಿ, ಕಾಣುತ್ತೆ. ಅಂದರೆ ಇದು ದಳ ಅಲ್ಲ, ಒಂದು ಪೂರ್ತಿ ಹೆಣ್ಣು ಹೂ. ನಡುವಿನ ಹಳದಿಯಲ್ಲೂ ಅಷ್ಟೆ. ಒಂದೊಂದು ಚುಕ್ಕಿಯೂ ಐದು ತುದಿಗಳ ಒಂದು ಕೊಳವೆ ಹೂ. ಅದರಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಹೊರಸುತ್ತಿನವು ಮೊದಲು ಅರಳುತ್ತವೆ, ನಡುವಿನವು ಕೊನೆಗೆ. ಹೂಗಳ ಮಧ್ಯೆ ಮಧ್ಯೆ ತೆಳ್ಳನೆ ಹೊಟ್ಟಿನಂಥ ಚಕ್ಕೆಗಳೂ ಸಿಗುತ್ತವೆ. ಅವನ್ನು ಮರೆಯದೆ ನೋಡಿ, ಈ ಕುಟುಂಬದಲ್ಲಿ ಜಾತಿ ಹೇಳುವಾಗ ಚಕ್ಕೆ ಇದೆಯಾ ಇಲ್ವಾ ಅನ್ನುವುದು ದೊಡ್ಡ ಸಾಕ್ಷಿ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ, ಎಲ್ಲವೂ ಇದೇ ಕುಟುಂಬ. ನಾವು ಒಂದು ಹೂ ಅಂದುಕೊಳ್ಳುವುದು ಅಲ್ಲಿ ಯಾವಾಗಲೂ ಒಂದು ಗುಂಪು.

ಬೀಜ ನೋಡಿದರೆ ಎರಡು ಮಾತಿಲ್ಲ. ನೀವು ಕಳಿಸಿದ ಪೇಪರಿನ ಮೂಲೆಯಲ್ಲಿ ಒಂದು ಬೀಜ ಅಂಟಿಕೊಂಡಿತ್ತು. ಸುಮಾರು ಎರಡು ಮಿಲಿಮೀಟರ್, ಕಪ್ಪುಗಂದು, ಮೈಮೇಲೆ ರೇಷ್ಮೆ ರೋಮ. ತಲೆಯ ಮೇಲೆ ಕೂದಲ ಕುಚ್ಚು, ಒಂದು ಉದ್ದ, ಒಂದು ಗಿಡ್ಡ. ಭೂತಗನ್ನಡಿ ಹಿಡಿದಾಗ ಆ ಒಂದೊಂದು ಕೂದಲಿಗೂ ಎರಡು ಬದಿಯಲ್ಲಿ ಎಳೆಗಳು ಕಂಡವು, ಹಕ್ಕಿಯ ಗರಿಗೆ ಇರುವ ಹಾಗೆ. ಈ ಗರಿಗೂದಲು ಟ್ರೈಡ್ಯಾಕ್ಸಿನ ಆಧಾರ್ ಕಾರ್ಡ್. ಗಾಳಿ ಬೀಸಿದರೆ ಬೀಜ ಪಕ್ಕದ ತೋಟಕ್ಕೆ ಹೋಗಿಯೇ ಹೋಗುತ್ತೆ. ಮಹಡಿಯ ಬಿರುಕಿನಲ್ಲಿ, ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ, ರೈಲ್ವೆ ಹಳಿಯ ಜಲ್ಲಿಯಲ್ಲಿ ಇದು ಹೇಗೆ ಬಂತು ಅಂತ ಕೇಳಬೇಕಾಗಿಲ್ಲ.

ಇನ್ನು ಗರುಗ. ಎಕ್ಲಿಪ್ಟಾ ಪ್ರೊಸ್ಟ್ರೇಟಾ, ಭೃಂಗರಾಜ ಅನ್ನುವುದು ಇದನ್ನೇ. ಇದೂ ಅದೇ ಕುಟುಂಬದ ಗಿಡ, ಇದರದೂ ಎಲೆ ಎದುರುಬದುರು. ಹೋಲಿಕೆ ಅಲ್ಲಿಗೆ ಮುಗಿಯಿತು. ಎಲೆ ಸಪೂರ, ಉದ್ದ, ತೊಟ್ಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂಚಿನ ಹಲ್ಲು ಕಂಡೂ ಕಾಣದ ಹಾಗಿರುತ್ತೆ. ಹೂ ಪುಟ್ಟದು, ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಎಲೆಯ ಕಂಕುಳಲ್ಲಿ ಗಿಡ್ಡ ಕಡ್ಡಿಯ ಮೇಲೆ ಒಂದೋ ಎರಡೋ ಕೂತಿರುತ್ತೆ. ಸುತ್ತ ಐದು ಅಗಲ ದಳಗಳಲ್ಲ, ನೂಲಿನಷ್ಟು ಸಣ್ಣ ಬಿಳಿ ಎಳೆಗಳು ಎಣಿಸಲಾಗದಷ್ಟು. ನಡುವೆಯೂ ಬಿಳಿಯೇ. ಅಲ್ಲಿ ಹಳದಿ ಹುಡುಕಬೇಡಿ. ಹೂ ಬಲಿತ ಮೇಲೆ ಕಾಳುಗಳು ಒತ್ತಾಗಿ ಕೂತ ಹಸಿರು ಬಿಲ್ಲೆ ಉಳಿಯುತ್ತೆ, ಆಮೇಲೆ ಕಪ್ಪಾಗುತ್ತೆ. ಕಾಳಿನ ಮೈ ಗಂಟುಗಂಟು. ಮುಖ್ಯವಾದದ್ದು, ಅದಕ್ಕೆ ಕುಚ್ಚು ಇಲ್ಲ. ಊದಿದರೆ ಹಾರುವುದಿಲ್ಲ.

ಜಾಗವೂ ಬೇರೆ. ಗರುಗಕ್ಕೆ ನೀರು ಬೇಕು. ಗದ್ದೆಯ ಬದು, ಕಾಲುವೆಯ ಅಂಚು, ಕೆರೆಯ ಹಿಂದಿನ ಜೌಗು. ಟ್ರೈಡ್ಯಾಕ್ಸಿಗೆ ಬಿಸಿಲಿದ್ದರೆ ಸಾಕು, ಒಣ ನೆಲವೇ ಇಷ್ಟ. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಿಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಕಡೆ ಒಮ್ಮೆ ಬಗ್ಗಿ ನೋಡಿ, ನಿಜವಾದ ಗರುಗ ಅಲ್ಲೇ ಇದ್ದರೂ ಇರಬಹುದು.

ಭೂತಗನ್ನಡಿ ಇಲ್ಲದವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಎಲೆ ಮತ್ತು ಎಳೆ ಕಾಂಡವನ್ನು ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಸ್ವಲ್ಪ ಹೊತ್ತು ಹಾಗೇ ಬಿಡಿ. ಗರುಗದ ರಸ ಗಾಳಿಗೆ ಕಪ್ಪಾಗುತ್ತೆ, ಅಂಗೈಯಲ್ಲಿ ನೀಲಿಗಪ್ಪು ಕಲೆ ಕೂರುತ್ತೆ. ಹಿಂದೆ ಗರುಗದ ರಸದಲ್ಲಿ ಬಟ್ಟೆ ನೆನೆಸಿ ಒಣಗಿಸಿ, ಅದರ ಬತ್ತಿಯ ಹೊಗೆಯಿಂದ ಕಾಡಿಗೆ ಮಾಡುತ್ತಿದ್ದದ್ದು ಅತ್ತೆಯವರಿಗೆ ನೆನಪಿರಬಹುದು. ಟ್ರೈಡ್ಯಾಕ್ಸ್ ಉಜ್ಜಿದರೆ ಕೈ ಹಸಿರಾಗುತ್ತೆ ಅಷ್ಟೆ.

ಇಷ್ಟು ದಿನ ಹಚ್ಚಿದ ಎಣ್ಣೆಯ ಕಥೆ ಏನು ಅಂತ ಇನ್ನೊಂದು ಹಾಳೆಯಲ್ಲಿ ಕೇಳಿದ್ದೀರಿ. ಕೂದಲಿನ ವಿಷಯ ವೈದ್ಯರದ್ದು, ನಾನು ಕಾಲೇಜಿನಲ್ಲಿ ಪಾಠ ಮಾಡಿದ್ದು ಸಸ್ಯಶಾಸ್ತ್ರ. ಒಂದು ಮಾತು ಹೇಳಬಲ್ಲೆ. ಟ್ರೈಡ್ಯಾಕ್ಸನ್ನು ಹಳ್ಳಿಗಳಲ್ಲಿ ಬಳಸುವುದು ತಲೆಗಿಂತ ಕಾಲಿಗೆ ಜಾಸ್ತಿ. ಕುಡುಗೋಲು ತಾಗಿದರೆ ಎಲೆ ಹಿಂಡಿ ರಸ ಬಿಡುತ್ತಾರೆ, ರಕ್ತ ನಿಲ್ಲಲಿ ಅಂತ.

ಊಟಿಯಂಥ ತಂಪು ಬೆಟ್ಟಗಳ ತರಕಾರಿ ಹೊಲಗಳಲ್ಲಿ ಇನ್ನೊಂದು ಗಿಡ ಇದೆ, ಗ್ಯಾಲಿನ್ಸೋಗಾ. ಅದಕ್ಕೂ ಐದು ಬಿಳಿ ದಳ, ತುದಿಗೆ ಮೂರು ಹಲ್ಲು, ನಡುವೆ ಹಳದಿ. ಆದರೆ ಹೂ ಬರೀ ಅರ್ಧ ಸೆಂಟಿಮೀಟರ್, ಗಿಡ ಮೆತ್ತಗೆ, ನೇರವಾಗಿ ನಿಂತಿರುತ್ತೆ. ತಿಪಟೂರಿನಲ್ಲಿ ನಿಮಗೆ ಆ ಗೊಂದಲ ಬರುವುದಿಲ್ಲ. ಪ್ರವಾಸ ಹೋದಾಗ ನೋಡಿಕೊಳ್ಳಿ.

ಪ್ರಶ್ನೆ: ಟ್ರೈಡ್ಯಾಕ್ಸ್ ವಿದೇಶದ ಗಿಡ ಅಂತ ಹಿಂದೊಮ್ಮೆ ಬರೆದಿದ್ದಿರಿ. ನಮ್ಮಜ್ಜಿಯ ಕಾಲದಿಂದಲೂ ಹೊಲದಲ್ಲಿದೆಯಲ್ಲ? ಇನ್ನೂ ಎಷ್ಟು ವರ್ಷ ಇದ್ದರೆ ನಮ್ಮದಾಗುತ್ತೆ?
– ಕೃಷಿಕರು, ಧಾರವಾಡ

ಉತ್ತರ: ಒಳ್ಳೆಯ ಜಗಳ ತೆಗೆದಿದ್ದೀರಿ! ಸಸ್ಯಶಾಸ್ತ್ರದಲ್ಲಿ ಅದಕ್ಕೆ ವರ್ಷದ ಲೆಕ್ಕ ಇಲ್ಲ. ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದ ಬಿಸಿ ಪ್ರದೇಶದವರೆಗೆ ಇದರ ತವರು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದಕ್ಕೆ ಈಗಿನ ಹೆಸರು ಕೊಟ್ಟರು. ತವರಿನಿಂದ ಮನುಷ್ಯರ ಜೊತೆ ಹೊರಟು ಬಿಸಿಲಿನ ದೇಶಗಳಿಗೆಲ್ಲ ಹಬ್ಬಿತು. ಈಗ ಯಾರೂ ಬಿತ್ತದೆ, ನೀರು ಹಾಕದೆ, ತನ್ನ ಪಾಡಿಗೆ ತಾನು ತಲೆಮಾರು ತಲೆಮಾರು ಬೆಳೆಯುತ್ತಿದೆ. ಇಂಥದ್ದನ್ನು ನೆಲೆಯೂರಿದ ಗಿಡ ಅನ್ನುತ್ತೇವೆ. ಹೊರಗಿನಿಂದ ಬಂದಿದ್ದು ನಿಜ, ಈಗ ಇಲ್ಲಿಯ ನಿವಾಸಿ ಅನ್ನುವುದೂ ನಿಜ.

ತಿಪ್ಪೆಯ ಪಕ್ಕ ಒಂದು ಜಿನಿಯಾ ಗಿಡ ತಾನಾಗಿ ಹುಟ್ಟಿತು ಅನ್ನಿ. ಒಂದೆರಡು ವರ್ಷ ಹೂ ಬಿಟ್ಟು ಮಾಯವಾದರೆ ಅದು ನೆಲೆಯೂರಿದ್ದಲ್ಲ, ದಾರಿಹೋಕ. ಇನ್ನೊಂದು ತುದಿಯಲ್ಲಿ ಲಂಟಾನ ಇದೆ. ಅದು ನೆಲೆಯೂರಿ ಸುಮ್ಮನಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಹೆಜ್ಜೆ ಇಡಲು ಜಾಗ ಕೊಡುವುದಿಲ್ಲ, ಬೇರೆ ಸಸಿಗಳಿಗೆ ಬೆಳಕು ಬಿಡುವುದಿಲ್ಲ. ಅದು ಆಕ್ರಮಣ. ಟ್ರೈಡ್ಯಾಕ್ಸ್ ನಡುವೆ ಎಲ್ಲೋ ನಿಲ್ಲುತ್ತೆ. ಅಮೆರಿಕ ಸರ್ಕಾರ ಅದನ್ನು ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿದೆ. ನಮ್ಮ ಕಡೆ ಹುಲ್ಲುಗಾವಲಿನಲ್ಲಿ, ರಸ್ತೆ ಬದಿಯಲ್ಲಿ ಅದರ ಹೂವಿನ ಮೇಲೆ ಪುಟ್ಟ ಹಳದಿ ಚಿಟ್ಟೆ, ನೀಲಿ ಚಿಟ್ಟೆಗಳು ದಿನವಿಡೀ ಕೂತಿರುತ್ತವೆ. ಹೊಲದಲ್ಲಿದ್ದರೆ ಕೀಳಿ. ಬದುವಿನಲ್ಲಿದ್ದರೆ ನಾನಾದರೆ ಬಿಡುತ್ತೇನೆ. ಮೆಣಸಿನಕಾಯಿ ಬಂದದ್ದೂ ಆ ಕಡೆಯಿಂದಲೇ ಅಂತ ನಿಮ್ಮ ಬ್ಯಾಡಗಿ ನೆಂಟರಿಗೆ ಹೇಳಿ ನೋಡಿ, ಜಗಳ ಮುಂದುವರಿಯಲಿ.

ಪ್ರಶ್ನೆ: ನಮ್ಮ ಕಾಫಿ ತೋಟದ ರಸ್ತೆಯಲ್ಲಿ ಊರಾಲ ಗಿಡ ಎರಡು ಥರ ಕಾಣುತ್ತೆ. ಒಂದರ ಹೂ ಬಿಳಿ ಅಥವಾ ತೆಳು ನೇರಳೆ. ಇನ್ನೊಂದು ಗಾಢ ನೀಲಿ, ಹೂ ದಪ್ಪ. ಮಣ್ಣಿನ ವ್ಯತ್ಯಾಸದಿಂದ ಬಣ್ಣ ಬದಲಾಗುತ್ತೆ ಅಂತ ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಹೇಳುತ್ತಾರೆ. ಹೌದಾ?
– ಬೆಳೆಗಾರರು, ಮೂಡಿಗೆರೆ

ಉತ್ತರ: ಮಣ್ಣಿನ ತಪ್ಪಿಲ್ಲ. ಎರಡು ಬೇರೆ ಬೇರೆ ಜಾತಿಗಳು. ನೀವು ಕಳಿಸಿದ ಎರಡು ಕಡ್ಡಿಗಳಲ್ಲಿ ಅದು ಸ್ಪಷ್ಟವಾಗಿದೆ. ಬಿಳಿಯದು ಅಜೆರೇಟಮ್ ಕೊನಿಜಾಯ್ಡಿಸ್, ನಾಯಿತುಳಸಿ ಅಂತಲೂ ಅನ್ನುತ್ತಾರೆ. ನೀಲಿಯದು ಅಜೆರೇಟಮ್ ಹೂಸ್ಟೋನಿಯಾನಮ್. ಇದು ಮೆಕ್ಸಿಕೊ ಕಡೆಯ ಗಿಡ. ಚಂದಕ್ಕೆ ಕುಂಡದಲ್ಲಿ ನೆಟ್ಟದ್ದು ಬೇಲಿ ದಾಟಿ ಹೋಗಿದೆ.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ನಾಯಿತುಳಸಿಯಲ್ಲೂ ನೀಲಿ ಛಾಯೆ ಬರುತ್ತೆ, ನೀಲಿಯದರಲ್ಲೂ ಬಿಳಿ ಹೂ ಬಿಡುವ ಗಿಡ ಇರುತ್ತೆ. ಹೂವಿನ ಗುಂಡನ್ನು ತಲೆಕೆಳಗು ಮಾಡಿ. ಕೆಳಗೆ ಸಣ್ಣ ಹಸಿರು ಎಸಳುಗಳು ಸುತ್ತಿಕೊಂಡಿವೆ. ನಾಯಿತುಳಸಿಯಲ್ಲಿ ಆ ಎಸಳು ಮೇಲಿನವರೆಗೂ ಒಂದೇ ಅಗಲ ಇದ್ದು, ತುದಿಯಲ್ಲಿ ಥಟ್ಟನೆ ಚೂಪಾಗುತ್ತೆ. ಮೈ ಹೆಚ್ಚುಕಮ್ಮಿ ಬೋಳು. ನೀಲಿಯದರಲ್ಲಿ ಎಸಳು ಸಪೂರ, ಬುಡದಿಂದಲೇ ಸಣ್ಣಗಾಗುತ್ತ ಹೋಗುತ್ತೆ. ಅದರ ತುಂಬ ಅಂಟು ರೋಮ. ಬೆರಳಿನಿಂದ ಮುಟ್ಟಿದರೆ ಜಿಗುಟು ಗೊತ್ತಾಗುತ್ತೆ. ಎಲೆಯ ಬುಡವನ್ನೂ ನೋಡಿ. ನೀಲಿಯದರ ಎಲೆ ತೊಟ್ಟಿನ ಹತ್ತಿರ ಒಳಕ್ಕೆ ಬಾಗಿ ಹೃದಯದ ಆಕಾರ ಪಡೆಯುತ್ತೆ. ನಾಯಿತುಳಸಿಯದು ದುಂಡಗೆ ಅಥವಾ ಇಳಿಜಾರಾಗಿ ಮುಗಿಯುತ್ತೆ.

ಎರಡರ ಬೀಜದ ಮೇಲೂ ಸಾಮಾನ್ಯವಾಗಿ ಐದು ಚೂಪು ಹೊಟ್ಟುಗಳಿರುತ್ತವೆ. ಹೊಟ್ಟಿನ ಬದಲು ಕೂದಲ ಕುಚ್ಚು ಕಂಡರೆ ನೀವು ಹಿಡಿದಿರುವುದು ಅಜೆರೇಟಮ್ ಅಲ್ಲ. ನಿಮ್ಮ ಕಡೆಯಾದರೆ ಬಹುಶಃ ಕಮ್ಯುನಿಸ್ಟ್ ಗಿಡ, ಕ್ರೋಮೊಲೀನಾ. ಅದರ ಎಲೆ ಹಿಸುಕಿದರೆ ಘಾಟು ವಾಸನೆ, ಬುಡದ ಹತ್ತಿರದಿಂದಲೇ ಮೂರು ನರ ಎದ್ದು ಕಾಣುತ್ತೆ, ಹೂಗುಚ್ಛದ ತಲೆಗಳು ಉದ್ದ ಕೊಳವೆಯ ಆಕಾರ.

ಮಳೆ ಕಳೆದ ಮೇಲೆ ಬಿಸಿಲು ಬಿದ್ದ ದಿನ ಈ ಊರಾಲದ ಹತ್ತಿರ ನಿಂತು ನೋಡಿ. ನೀಲಿ ಪಟ್ಟೆಯ ಹುಲಿಚಿಟ್ಟೆಗಳು, ಕಪ್ಪು ಕಾಗೆಚಿಟ್ಟೆಗಳು ಮುತ್ತಿಕೊಂಡಿರುತ್ತವೆ. ಬಹುಪಾಲು ಗಂಡುಗಳು. ಮಕರಂದದ ಜೊತೆಗೆ ಈ ಗಿಡದಲ್ಲಿರುವ ಒಂದು ಬಗೆಯ ಸಸ್ಯಕ್ಷಾರ (ಆಲ್ಕಲಾಯ್ಡ್) ಅವಕ್ಕೆ ಬೇಕು. ಹೆಣ್ಣನ್ನು ಸೆಳೆಯುವ ಸುವಾಸನೆ ತಯಾರಿಸುವುದು ಅದರಿಂದಲೇ. ರೈಟರ್ ಅವರಿಗೆ ಇದನ್ನೂ ತೋರಿಸಿ, ಮಣ್ಣಿನ ವಾದ ಮರೆಯುತ್ತಾರೆ.

ಪ್ರಶ್ನೆ: ಹೊಲದ ಬದುವಿನಲ್ಲಿ ಮುಳ್ಳಿನ ಗಿಡ, ಹಳದಿ ಹೂ. ನಮ್ಮಲ್ಲಿ ಅರಿಸಿನ ದತ್ತೂರಿ ಅಂತಾರೆ. ಉಮ್ಮತ್ತಿಯ ಜಾತಿಯಾ? ಬೀಜ ಸಾಸಿವೆ ಥರ ಇದೆ, ಎಣ್ಣೆ ಬರುತ್ತೆ ಅಂತ ಒಬ್ಬರು ಹೇಳಿದರು.
– ಓದುಗರು, ಬಳ್ಳಾರಿ ಜಿಲ್ಲೆ

ಉತ್ತರ: ಎಣ್ಣೆ ಬರುತ್ತೆ. ಆದರೆ ಅದು ವಿಷ. ಅದನ್ನು ಮೊದಲು ಹೇಳಿ ಆಮೇಲೆ ಗುರುತಿಗೆ ಬರುತ್ತೇನೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಈ ಬೀಜದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು. ಕಾಲು ಊದಿಕೊಳ್ಳುತ್ತೆ, ಉಸಿರು ಕಟ್ಟುತ್ತೆ, ಹೃದಯ ಸೋಲುತ್ತೆ. ಸ್ಯಾಂಗ್ವಿನರೀನ್ ಅನ್ನುವ ಸಸ್ಯಕ್ಷಾರದ ಕೆಲಸ ಅದು. ಕುಟುಂಬಕ್ಕೆ ಹೇಳಿ, ಕೂಲಿಯವರಿಗೂ ಹೇಳಿ.

ಗಿಡ ಆರ್ಜೆಮೋನ್ ಮೆಕ್ಸಿಕಾನಾ. ಉಮ್ಮತ್ತಿಗೆ ಏನೂ ಸಂಬಂಧ ಇಲ್ಲ, ಇದು ಗಸಗಸೆಯ ಕುಟುಂಬ. ಎರಡರ ಕಾಯಿಗೂ ಮುಳ್ಳಿದೆ, ನಂಟು ಅಷ್ಟೇ. ಒಂದು ಎಲೆ ಕಿತ್ತು ನೋಡಿ, ಹಳದಿ ಹಾಲು ಜಿನುಗುತ್ತೆ. ಉಮ್ಮತ್ತಿ ಕಿತ್ತರೆ ಹಾಲೇ ಬರುವುದಿಲ್ಲ. ಉಮ್ಮತ್ತಿಯ ಹೂ ಒಂದೇ ತುಂಡಿನ ಉದ್ದ ಕಹಳೆ. ಇದರದು ಬಿಡಿಬಿಡಿ ದಳ, ಸಾಮಾನ್ಯವಾಗಿ ಆರು. ನಡುವೆ ತುಂಬ ಕೇಸರಗಳು, ಅವುಗಳ ಮಧ್ಯೆ ಕೆಂಪು ಶಲಾಕಾಗ್ರ. ಮೊಗ್ಗು ನೋಡಿದರೆ ಇನ್ನೂ ಚೆನ್ನ. ಮೂರು ಪುಷ್ಪಪತ್ರ, ಒಂದೊಂದರ ತುದಿಗೂ ಪುಟ್ಟ ಕೊಂಬು, ಹೂ ಅರಳುತ್ತಲೇ ಉದುರಿಹೋಗುತ್ತವೆ. ಎಲೆಯ ನರಗಳ ಉದ್ದಕ್ಕೂ ಬಿಳಿ ಬಣ್ಣ ಬಳಿದಂತಿರುತ್ತೆ, ಅಂಚಿನ ಪ್ರತಿ ಹಲ್ಲಿಗೂ ಒಂದು ಮುಳ್ಳು.

ಬೀಜಕ್ಕೆ ಭೂತಗನ್ನಡಿ ಬೇಕು. ಸಾಸಿವೆ ಬರಿಗಣ್ಣಿಗೆ ನುಣುಪು. ಇದರ ಮೈಮೇಲೆ ಬಲೆಯ ಗೆರೆಗಳು, ತಗ್ಗುಗಳು, ಒಂದು ಬದಿಯಲ್ಲಿ ಉಬ್ಬಿದ ಏಣು. ಸಾಸಿವೆ ಬೆಳೆಯುವವರು ಕೊಯ್ಲಿಗೆ ಮೊದಲೇ ಹೊಲದಿಂದ ಇದನ್ನು ಕಿತ್ತು ಹಾಕಬೇಕು. ಬೆರೆತ ಮೇಲೆ ಆರಿಸುವುದು ಯಾರ ಕೈಲೂ ಆಗದ ಕೆಲಸ.

ಪ್ರಶ್ನೆ: ನಾನು ಏಳನೇ ಕ್ಲಾಸು. ನಮ್ಮ ಸ್ಕೂಲ್ ಕಾಂಪೌಂಡಿನಲ್ಲಿ ನೇರಳೆ ಹೂವಿನ ಗಿಡ ಇದೆ. ಅದರ ಒಣಗಿದ ಕಾಯಿ ನೀರಿಗೆ ಹಾಕಿದರೆ ಪಟಾಕಿ ಥರ ಸಿಡಿಯುತ್ತೆ. ಅದು ಯಾವ ಗಿಡ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಪುಟ್ಟಿ, ಈ ತಿಂಗಳ ಪತ್ರಗಳಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ನಿನ್ನದು. ಹೂವಿನ ಬಣ್ಣದ ಜೊತೆ ಕಾಯಿ ಏನು ಮಾಡುತ್ತೆ ಅಂತಲೂ ಬರೆದಿದ್ದೀಯಲ್ಲ, ಅದಕ್ಕೆ. ಅದು ರುಯೆಲಿಯಾ ಟ್ಯೂಬರೋಸಾ. ಅಮೆರಿಕದ ಬಿಸಿ ಪ್ರದೇಶದಿಂದ ಬಂದು ನಮ್ಮ ರಸ್ತೆ ಬದಿಗಳಲ್ಲಿ ನೆಲೆಯೂರಿದೆ.

ನಾಳೆ ಶಾಲೆಯಲ್ಲಿ ಇಷ್ಟು ನೋಡು. ಎಲೆಗಳು ಎದುರುಬದುರು ಇವೆಯಾ? ಹೂವಿನ ಬಾಯಿಯಲ್ಲಿ ಐದು ಭಾಗ ಇದೆಯಾ? ಒಳಗೆ ನಾಲ್ಕು ಕೇಸರ, ಎರಡು ಉದ್ದ ಎರಡು ಗಿಡ್ಡ ಇವೆಯಾ? ಬೆಳಿಗ್ಗೆ ಅರಳಿದ ಹೂ ಮಧ್ಯಾಹ್ನದ ಬೆಲ್ ಹೊಡೆಯುವ ಹೊತ್ತಿಗೆ ಉದುರಿದೆಯಾ? ಟೀಚರನ್ನು ಕೇಳಿಕೊಂಡು ಒಂದೇ ಒಂದು ಗಿಡದ ಬುಡ ಅಗೆದು ನೋಡು, ಬೇರಿನಲ್ಲಿ ಉದ್ದುದ್ದ ಗೆಡ್ಡೆಗಳು ಸಿಗಬೇಕು. ಎಲ್ಲದಕ್ಕೂ ಹೌದು ಅಂದರೆ ಗುರುತು ಪಕ್ಕಾ. ಎಲೆ ಉದ್ದ ಪಟ್ಟಿಯ ಹಾಗೆ ಕಿರಿದಾಗಿದ್ದು, ಗಿಡ ನಿನ್ನ ಸೊಂಟದವರೆಗೆ ಬೆಳೆದಿದ್ದರೆ ಅದು ಇದರ ತೋಟದ ಅಕ್ಕ, ರುಯೆಲಿಯಾ ಸಿಂಪ್ಲೆಕ್ಸ್.

ಕಾಯಿ ಸಿಡಿಯುವುದು ಯಾಕೆ ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಣಗಿದ ಕಾಯಿಯ ಎರಡು ಸಿಪ್ಪೆಗಳು ಬಿಗಿಯಾಗಿ ಸೆಟೆದುಕೊಂಡಿರುತ್ತವೆ. ಅವನ್ನು ಅಂಟಿಸಿ ಹಿಡಿದ ಜಾಗ ನೀರು ತಾಗಿದಾಗ ಮೆತ್ತಗಾಗುತ್ತೆ, ಹಿಡಿತ ಬಿಟ್ಟುಹೋಗುತ್ತೆ, ಟಪ್ ಅಂತ ಸೀಳುತ್ತೆ. ಮಳೆ ಬಂದಾಗಲೇ ಬೀಜ ಹಾರಬೇಕು, ಹಸಿ ನೆಲಕ್ಕೇ ಬೀಳಬೇಕು ಅನ್ನುವ ಲೆಕ್ಕಾಚಾರ ಅದು. ಹಾರಿದ ಬೀಜವನ್ನು ಒಂದು ಹನಿ ನೀರಿನಲ್ಲಿಟ್ಟು ನೋಡು, ಸುತ್ತ ಲೋಳೆ ಬರುತ್ತೆ. ನಿಮ್ಮಮ್ಮ ಮುಡಿಯುವ ಕನಕಾಂಬರವೂ ಇದೇ ಕುಟುಂಬ. ಅದರ ಒಣ ತೆನೆಯನ್ನು ನೀರಿಗೆ ಹಾಕಿ ನೋಡಿ ನನಗೆ ಬರೆ. ಮುಖ ಹತ್ತಿರ ಇಡಬೇಡ, ಕಣ್ಣಿಗೆ ಹಾರೀತು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹುಲ್ಲಿನ ಬದಲು ಹಳದಿ ಹೂವಿನ ಬಳ್ಳಿ ನೆಟ್ಟಿದ್ದಾರೆ. ನರ್ಸರಿಯವರು ‘ಹಳದಿ ಭೃಂಗರಾಜ, ಔಷಧಿ ಗಿಡ’ ಅಂದರಂತೆ. ನಿಜವೇ?
– ನಿವಾಸಿ, ಬೆಂಗಳೂರು

ಉತ್ತರ: ನಿಮ್ಮ ಫೋಟೊದಲ್ಲಿ ಎಲೆ ದಪ್ಪ, ಹೊಳಪು. ಎರಡು ಪಕ್ಕದಲ್ಲೂ ಒಂದೊಂದು ಕವಲು ಚಾಚಿದೆ. ಅದು ಸ್ಫ್ಯಾಗ್ನೆಟಿಕೋಲಾ ಟ್ರೈಲೋಬಾಟಾ, ನರ್ಸರಿಗಳ ವೆಡೇಲಿಯಾ. ಅಮೆರಿಕದ್ದು. ಹಳದಿ ಭೃಂಗರಾಜ ಅದರ ಏಷ್ಯಾದ ದಾಯಾದಿ, ಸ್ಫ್ಯಾಗ್ನೆಟಿಕೋಲಾ ಕ್ಯಾಲೆಂಡುಲೇಸಿಯಾ. ಅದರ ಎಲೆ ಸಪೂರ, ಕವಲಿಲ್ಲ, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು. ಹೂ ಮಾತ್ರ ನೋಡಿದರೆ ಎರಡೂ ಒಂದೇ ಅನ್ನಿಸುತ್ತೆ, ನರ್ಸರಿಯವರಿಗೆ ಅನುಕೂಲವೇ ಆಯಿತು. ಕಷಾಯ ಮಾಡಿ ಕುಡಿಯುವ ಯೋಚನೆ ಇದ್ದರೆ ಬಿಡಿ.

ನಿಮ್ಮಲ್ಲಿರುವ ವೆಡೇಲಿಯಾ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಗಿಡ. ಬೀಜ ಕಟ್ಟುವುದು ಕಡಿಮೆ, ಹಬ್ಬುವುದೆಲ್ಲ ಗೆಣ್ಣಿನಿಂದ. ಮಾಲಿ ಕತ್ತರಿಸಿದ ತುಂಡುಗಳನ್ನು ರಾಜಕಾಲುವೆಗೆ ಸುರಿದರೆ ಮುಂದಿನ ಕೆರೆಯ ದಂಡೆ ಪೂರ್ತಿ ಹಳದಿಯಾಗುತ್ತೆ. ಬಹಳ ಚಂದ ಕಾಣುತ್ತೆ, ಅದೇ ತೊಂದರೆ. ಮುಂದಿನ ಸಂಘದ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಇದನ್ನೂ ಎತ್ತಿ.

ಪ್ರಶ್ನೆ: ಮೊಬೈಲಿನಲ್ಲಿ ಫೋಟೊ ತೆಗೆದರೆ ಆ್ಯಪ್ ಹೆಸರು ಹೇಳುತ್ತೆ. ಹಾಗಿದ್ದ ಮೇಲೆ ಗಿಡ ಒಣಗಿಸಿ ನಿಮಗೆ ಯಾಕೆ ಕಳಿಸಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಕಳಿಸಬೇಕಾಗಿಲ್ಲ. ಆ್ಯಪ್ ನಾನೂ ಬಳಸುತ್ತೇನೆ, ಗೂಗಲ್ ಲೆನ್ಸ್, ಐನ್ಯಾಚುರಲಿಸ್ಟ್ ಎರಡೂ ಇವೆ. ಯಾವ ಕುಟುಂಬ, ಯಾವ ಗುಂಪು ಅನ್ನುವವರೆಗೆ ಚೆನ್ನಾಗಿ ಕರೆದುಕೊಂಡು ಹೋಗುತ್ತವೆ. ಆದರೆ ನೀವು ತೋರಿಸದೇ ಇದ್ದದ್ದನ್ನು ಅವು ಎಲ್ಲಿಂದ ನೋಡಬೇಕು? ಹೂವಿನ ಬೆನ್ನು, ಎಲೆಯ ಬುಡ, ಕಾಂಡದ ರೋಮ, ಬೀಜ, ಇವುಗಳ ಫೋಟೊ ಕೊಟ್ಟರೆ ಉತ್ತರವೂ ಸುಧಾರಿಸುತ್ತೆ. ಬೀಜದ ಪಕ್ಕ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ಗೊತ್ತಾಗುತ್ತೆ. ಹಿನ್ನೆಲೆಗೆ ಬಿಳಿ ಹಾಳೆ ಇರಲಿ. ಆ್ಯಪ್ ಕೊಟ್ಟ ಹೆಸರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಅಂತರ್ಜಾಲದಲ್ಲಿಟ್ಟಿರುವ ಕರ್ನಾಟಕದ ಸಸ್ಯಗಳ ದಾಖಲೆಯ ಜೊತೆ ತಾಳೆ ನೋಡಿ. ನಮ್ಮ ರಾಜ್ಯದಲ್ಲಿ ದಾಖಲಾಗಿರದ ಹೆಸರನ್ನು ಆ್ಯಪ್ ಹೇಳಿದರೆ ಸ್ವಲ್ಪ ತಡೆದು, ಇನ್ನೊಮ್ಮೆ ಗಿಡದ ಹತ್ತಿರ ಹೋಗಿ.

ಆದರೂ ನನಗೇ ಕಳಿಸಬೇಕು ಅನ್ನುವವರಿಗೆ ಎರಡು ಮಾತು. ಪ್ಲಾಸ್ಟಿಕ್ ಕವರಿನಲ್ಲಿ ಹಸಿ ಗಿಡ ತುರುಕಬೇಡಿ, ಅಂಚೆಯಲ್ಲಿ ಅದು ಗೊಬ್ಬರವಾಗಿ ಬರುತ್ತೆ. ಹಳೆ ಪೇಪರಿನ ನಡುವೆ ಹರಡಿ, ಮೇಲೆ ಭಾರ ಇಡಿ, ಪೇಪರನ್ನು ದಿನಾ ಬದಲಿಸಿ, ಗರಿಗರಿ ಆದ ಮೇಲೆ ಕಳಿಸಿ. ಎಲ್ಲಿ ಸಿಕ್ಕಿತು, ನೆಲ ಒದ್ದೆಯೋ ಒಣವೋ, ಹಸಿಯಾಗಿದ್ದಾಗ ಹೂವಿನ ಬಣ್ಣ ಏನಿತ್ತು ಅಂತ ಒಂದು ಚೀಟಿ ಇರಲಿ, ಒಣಗಿದ ಮೇಲೆ ಬಣ್ಣ ಸುಳ್ಳು ಹೇಳುತ್ತೆ. ಮತ್ತೆ, ದಯವಿಟ್ಟು ಪಾರ್ಥೇನಿಯಂ ಕಳಿಸಬೇಡಿ. ಕಾಂಗ್ರೆಸ್ ಗಿಡ ಯಾವುದು ಅಂತ ನಿಮಗೆಲ್ಲ ಗೊತ್ತೇ ಇದೆ, ನನಗೆ ಅದು ಅಲರ್ಜಿ. ಲಕೋಟೆ ಬಿಚ್ಚಿದ ಕೂಡಲೇ ಸೀನು ಶುರುವಾಗುತ್ತೆ.